ಬಲ್ಲವರು ಯಾರು? ಅಕ್ಷರವನ್ನು ಅಳೆದ ಕೋಲುಗಳ ಕಥೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಬೆಳಗಾವಿ ಜಿಲ್ಲೆಯ ನಕ್ಷೆಯಲ್ಲಿ ಇವು ನೆರೆಹೊರೆಯ ತಾಲ್ಲೂಕುಗಳು. ಇತಿಹಾಸದಲ್ಲಿ ಮಾತ್ರ ಒಂದೊಂದೂ ಒಂದೊಂದು ದಾರಿಯಲ್ಲಿ ನಡೆದು ಬಂದಿದೆ. ಸವದತ್ತಿ ರಟ್ಟರ ರಾಜಧಾನಿಯಾಗಿ ಮೆರೆದ ಊರು, ಎಲ್ಲಮ್ಮನ ಗುಡ್ಡದ ನೆಲೆ. ಕಿತ್ತೂರು ರಾಣಿ ಚನ್ನಮ್ಮನ ಸಂಸ್ಥಾನ. ಬೈಲಹೊಂಗಲ ಆಕೆಯನ್ನು ಸೆರೆಯಲ್ಲಿಟ್ಟ ಊರು, ಆಕೆಯ ಸಮಾಧಿ ಇರುವ ಊರು. ರಾಮದುರ್ಗವು 1948ರಲ್ಲಿ ವಿಲೀನವಾಗುವವರೆಗೆ ಭಾವೆ ಮನೆತನದ ಪುಟ್ಟ ಸಂಸ್ಥಾನವಾಗಿತ್ತು. ಇಂದು ಈ ನಾಲ್ಕೂ ಊರುಗಳನ್ನು ಒಂದೇ ಎಳೆಯಲ್ಲಿ ಪೋಣಿಸಿರುವುದು ಅಲ್ಲಿನ ಪದವಿ ಕಾಲೇಜುಗಳು. 2010ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಹೆಸರಿನಲ್ಲೇ ಈ ನೆಲದ ನೆನಪು ಇದೆ.

ಈ ಕಾಲೇಜುಗಳಲ್ಲಿ ಓದುವ ಹುಡುಗ ಹುಡುಗಿಯರು ಹಳ್ಳಿಗಳಿಂದ ಬಸ್ಸಿನಲ್ಲಿ ಬರುವವರು. ಬಹುತೇಕರು ಕನ್ನಡ ಶಾಲೆಯಲ್ಲಿ ಕಲಿತವರು. ಅವರ ಪ್ರವೇಶದ ಅರ್ಜಿ, ಪರೀಕ್ಷೆಯ ಶುಲ್ಕ, ವಿದ್ಯಾರ್ಥಿವೇತನ, ಅಂಕಪಟ್ಟಿ ಎಲ್ಲವೂ ಈಗ ಗಣಕಜಾಲದ ಮೂಲಕವೇ ಸಾಗುತ್ತವೆ. ಹೀಗಾಗಿ ಈ ವಿದ್ಯಾರ್ಥಿಗಳಿಗೆ ‘ಡಿಜಿಟಲ್ ಸಾಕ್ಷರತೆ’ ಎಷ್ಟಿದೆ ಎಂಬ ಪ್ರಶ್ನೆ ವಿದ್ವಾಂಸರಿಗೂ ಸರ್ಕಾರಕ್ಕೂ ಮುಖ್ಯವಾಗಿದೆ. ಗ್ರಂಥಾಲಯ ವಿಜ್ಞಾನದ ಮತ್ತು ಶಿಕ್ಷಣಶಾಸ್ತ್ರದ ಸಂಶೋಧಕರು ಇಂಥ ಕಾಲೇಜುಗಳಲ್ಲಿ ಪ್ರಶ್ನಾವಳಿ ಹಂಚಿ, ಉತ್ತರಗಳನ್ನು ಕೂಡಿಸಿ, ಶೇಕಡವಾರು ಲೆಕ್ಕ ತೆಗೆಯುವುದು ರೂಢಿಯಾಗಿದೆ.

ಲೆಕ್ಕವೇನೋ ಬರುತ್ತದೆ. ಆದರೆ ಆ ಲೆಕ್ಕ ಏನನ್ನು ಅಳೆದಿದೆ? ಈ ಪ್ರಶ್ನೆ ಹೊಸದಲ್ಲ. ‘ಅಕ್ಷರ ಬಲ್ಲವನು ಯಾರು’ ಎಂದು ಅಳೆಯಲು ಹೊರಟ ಪ್ರತಿಯೊಂದು ಕಾಲವೂ ಇದನ್ನು ಎದುರಿಸಿದೆ. ಅಳತೆಗೋಲನ್ನು ಕಡೆದವನ ಅಗತ್ಯವೇನಿತ್ತೋ ಅದೇ ‘ಜ್ಞಾನ’ ಎನಿಸಿಕೊಂಡಿದೆ, ಕೋಲಿಗೆ ಸಿಗದವರು ‘ಅಜ್ಞಾನಿ’ಗಳ ಪಟ್ಟಿಗೆ ಸೇರಿದ್ದಾರೆ. ಆ ಕಥೆಯನ್ನು ಒಮ್ಮೆ ಹಿಂದಿನಿಂದ ನೋಡಿದರೆ ಇಂದಿನ ಪ್ರಶ್ನಾವಳಿಯ ಬಲವೂ ದೌರ್ಬಲ್ಯವೂ ತಿಳಿಯಾಗುತ್ತವೆ.

ಒಕ್ಕುಂದದ ಕನ್ನಡಿಗರು

ಕಥೆ ಆರಂಭವಾಗುವುದು ಈ ನಾಲ್ಕು ತಾಲ್ಲೂಕುಗಳ ಮಣ್ಣಿನಲ್ಲೇ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡದ ತಿರುಳು ಇರುವ ಪ್ರದೇಶವನ್ನು ನಾಲ್ಕು ಊರುಗಳ ಹೆಸರಿನಿಂದ ಗುರುತಿಸುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ ಮತ್ತು ಒಂಕುಂದ. ಕಿಸುವೊಳಲು ಎಂದರೆ ಇಂದಿನ ಪಟ್ಟದಕಲ್ಲು, ಕೊಪಣ ಎಂದರೆ ಕೊಪ್ಪಳ, ಪುಲಿಗೆರೆ ಎಂದರೆ ಲಕ್ಷ್ಮೇಶ್ವರ. ನಾಲ್ಕನೆಯದಾದ ಒಂಕುಂದವನ್ನು ಬೈಲಹೊಂಗಲ ಸೀಮೆಯ ಒಕ್ಕುಂದವೆಂದು ವಿದ್ವಾಂಸರು ಗುರುತಿಸಿದ್ದಾರೆ.

ಅದೇ ಗ್ರಂಥದಲ್ಲಿ ಇನ್ನೊಂದು ಪ್ರಸಿದ್ಧ ಮಾತಿದೆ. ಈ ನಾಡಿನ ಜನ ಉದ್ದೇಶಪಟ್ಟು ಓದದೆ ಇದ್ದರೂ ಕಾವ್ಯಪ್ರಯೋಗದಲ್ಲಿ ಪಳಗಿದ ಬುದ್ಧಿಯುಳ್ಳವರು ಎಂಬುದು ಅದರ ತಾತ್ಪರ್ಯ. ಇದು ಹೆಮ್ಮೆಯ ಮಾತೆಂದು ಎಲ್ಲರೂ ಬಲ್ಲರು. ಆದರೆ ಇದರಲ್ಲಿ ಒಂದು ಸೂಕ್ಷ್ಮವೂ ಇದೆ. ಕ್ರಮವಾಗಿ ಓದು ಕಲಿತಿರುವುದು ಒಂದು, ಬಲ್ಲವನಾಗಿರುವುದು ಇನ್ನೊಂದು ಎಂದು ಕವಿ ಎರಡನ್ನೂ ಬೇರ್ಪಡಿಸುತ್ತಾನೆ. ಕೇಳಿ ಕಲಿತವನಿಗೂ, ಆಡಿ ಕಲಿತವನಿಗೂ ಆತ ‘ಬಲ್ಲವ’ ಎಂಬ ಪಟ್ಟ ಕೊಡುತ್ತಾನೆ. ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ ಬಂದ ಗಣತಿದಾರರು ಆ ಪಟ್ಟವನ್ನು ಕೊಡಲಿಲ್ಲ.

ಅಕ್ಷರವು ಆ ಕಾಲದಲ್ಲಿ ಒಂದು ಕಸುಬಾಗಿತ್ತು. ಸವದತ್ತಿ ಸೀಮೆಯ ರಟ್ಟರ ಕಾಲದ ಶಾಸನಗಳನ್ನು ರಚಿಸಿದವನು ಒಬ್ಬ, ಕಲ್ಲಿನಲ್ಲಿ ಕಡೆದವನು ಇನ್ನೊಬ್ಬ. ಕಡೆಯುವವನ ಉಳಿ ಅಕ್ಷರಗಳ ರೂಪವನ್ನು ತಪ್ಪದೆ ಮೂಡಿಸಿದರೆ ಸಾಕಾಗಿತ್ತು. ಊರಿನ ಉಳಿದವರಿಗೆ ಓದು ಬಾರದಿರುವುದು ಕೊರತೆ ಎನಿಸಿರಲಿಲ್ಲ, ಕುಂಬಾರಿಕೆ ಬಾರದಿರುವುದು ಹೇಗೆ ಕೊರತೆಯಲ್ಲವೋ ಹಾಗೆ.

ಐಗಳ ಮಠದಿಂದ ಮುಲ್ಕಿಯವರೆಗೆ

ಪೇಶ್ವೆಯವರ ಮತ್ತು ಸಂಸ್ಥಾನಗಳ ಕಾಲಕ್ಕೆ ಬಂದರೆ ಚಿತ್ರ ಇನ್ನಷ್ಟು ಜಟಿಲವಾಗುತ್ತದೆ. ಹಳ್ಳಿಯ ಹುಡುಗರು ಐಗಳ ಮಠದಲ್ಲಿ ಮರಳಿನ ಮೇಲೆ ಬೆರಳಾಡಿಸಿ ಕನ್ನಡದ ಓನಾಮ ಕಲಿಯುತ್ತಿದ್ದರು, ಮಗ್ಗಿ ಬಾಯಿಪಾಠ ಮಾಡುತ್ತಿದ್ದರು. ಕುಲಕರ್ಣಿಯ ದಫ್ತರದಲ್ಲಿ ನಡೆಯುತ್ತಿದ್ದ ಬರವಣಿಗೆ ಹೆಚ್ಚಾಗಿ ಮೋಡಿ ಲಿಪಿಯಲ್ಲಿ. ಪೋಥಿ ಪುರಾಣಗಳು ಬಾಳಬೋಧದಲ್ಲಿ. ಒಬ್ಬನೇ ಮನುಷ್ಯ ಬಸವಪುರಾಣವನ್ನು ನಿರರ್ಗಳವಾಗಿ ಓದಬಲ್ಲವನಾಗಿದ್ದು, ತನ್ನದೇ ಹೊಲದ ಕಾಗದವನ್ನು ಮಾತ್ರ ಓದಲಾರದವನಾಗಿರಬಹುದಿತ್ತು. ಅವನು ಸಾಕ್ಷರನೋ ನಿರಕ್ಷರಿಯೋ? ಉತ್ತರವು ಯಾವ ಕಾಗದವನ್ನು ಅವನ ಮುಂದೆ ಹಿಡಿಯಲಾಗಿದೆ ಎಂಬುದರ ಮೇಲೆ ನಿಂತಿತ್ತು. ಹೊಲ ಉಳಿಸಿಕೊಳ್ಳಲು ಬೇಕಾದ ಅಕ್ಷರ ಅವನ ಕೈಯಲ್ಲಿರಲಿಲ್ಲ ಎಂಬುದು ಮಾತ್ರ ನಿಜ.

1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಕೋಟೆಯೆದುರು ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದನು. ಅವನ ಕೈಕೆಳಗಿನ ಇಬ್ಬರು ತರುಣ ಅಧಿಕಾರಿಗಳು ಕಿತ್ತೂರಿನವರ ಕೈಯಲ್ಲಿ ಒತ್ತೆಯಾಳುಗಳಾದರು. ಅವರಲ್ಲೊಬ್ಬ ವಾಲ್ಟರ್ ಎಲಿಯಟ್. ಬಿಡುಗಡೆಯಾದ ಮೇಲೆ ಈ ಎಲಿಯಟ್ ಕನ್ನಡದ ಶಾಸನಗಳನ್ನು ಸಂಗ್ರಹಿಸಿದವರಲ್ಲಿ ಮೊದಲಿಗನೆನಿಸಿದ. ಧಾರವಾಡ ಸೀಮೆಯಲ್ಲಿ ಕನ್ನಡ ಶಾಲೆಗಳಿಗೆ ಮೊದಮೊದಲು ಬೆಂಬಲವಿತ್ತವನೆಂದೂ ಹೆಸರಾದ. ಆಗಿನ ಮುಂಬಯಿ ಸರ್ಕಾರದ ಅನೇಕ ಅಧಿಕಾರಿಗಳ ಕಣ್ಣಿಗೆ ಈ ಪ್ರದೇಶ ‘ದಕ್ಷಿಣ ಮರಾಠಾ ಸೀಮೆ’, ಇಲ್ಲಿನ ಕಚೇರಿ ಭಾಷೆ ಮರಾಠಿ. ಕನ್ನಡ ಮಕ್ಕಳಿಗೆ ಕನ್ನಡದಲ್ಲೇ ಶಾಲೆ ಬೇಕೆಂಬುದನ್ನು ವಾದಿಸಿ ಗೆಲ್ಲಬೇಕಾಗಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಶಾಲಾ ತನಿಖಾಧಿಕಾರಿಯಾಗಿ ಊರೂರು ಸುತ್ತಿ ಆ ಕೆಲಸವನ್ನು ಮುಂದುವರಿಸಿದರು. ಅಕ್ಷರವನ್ನು ಅಳೆಯುವ ಮೊದಲು ಯಾವ ಭಾಷೆಯ ಅಕ್ಷರ ಎಂಬುದನ್ನು ತೀರ್ಮಾನಿಸಬೇಕು ಎಂಬ ಪಾಠವನ್ನು ಈ ಸೀಮೆ ಹೀಗೆ ಬಹಳ ಹಿಂದೆಯೇ ಕಲಿತಿತ್ತು.

ಕನ್ನಡ ಶಾಲೆಗಳು ನೆಲೆಯೂರಿದ ಮೇಲೆ ಅವುಗಳಿಗೊಂದು ಅಳತೆಗೋಲೂ ಬಂತು. ಅದೇ ಮುಲ್ಕಿ ಪರೀಕ್ಷೆ. ಬಿಗರಿಯಿಂದ ಆರಂಭಿಸಿ ಏಳನೆಯ ಇಯತ್ತೆ ಮುಗಿಸಿದವನು ಈ ಪರೀಕ್ಷೆಗೆ ಕೂರುತ್ತಿದ್ದ. ಮುಲ್ಕಿ ಪಾಸಾದವನಿಗೆ ಶಾಲಾ ಮಾಸ್ತರನಾಗುವ, ತಲಾಟಿಯಾಗುವ, ಕಾರಕೂನನಾಗುವ ಬಾಗಿಲು ತೆರೆಯುತ್ತಿತ್ತು. ಊರಿನಲ್ಲಿ ಅವನ ಮಾತಿಗೆ ತೂಕ ಬರುತ್ತಿತ್ತು. ಪರೀಕ್ಷೆಯಲ್ಲಿ ಲೆಕ್ಕ, ಶುದ್ಧಬರಹ, ವ್ಯಾಕರಣ, ಭೂಗೋಲ ಮುಂತಾದವು ಇದ್ದವು. ಕಚೇರಿ ನಡೆಸಲು ಬೇಕಾದ ಮನುಷ್ಯನನ್ನು ಆರಿಸುವುದು ಅದರ ಕೆಲಸ, ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡಿತು. ಆದರೆ ಮುಲ್ಕಿ ಪಾಸಾಗದ ಲಕ್ಷಾಂತರ ಜನರ ಬಗ್ಗೆ ಅದು ಏನನ್ನೂ ಹೇಳುತ್ತಿರಲಿಲ್ಲ.

ಸಹಿ, ಓದು ಮತ್ತು ಒಂದು ಕಾಗದ

ಇಡೀ ಜನಸಮುದಾಯವನ್ನೇ ಅಳೆಯುವ ಯೋಚನೆ ಯುರೋಪಿನಲ್ಲಿ ಮೊದಲು ಬಲಿಯಿತು. ಇಂಗ್ಲೆಂಡಿನಲ್ಲಿ 1754ರಿಂದ ಮದುವೆಯ ದಾಖಲೆ ಪುಸ್ತಕದಲ್ಲಿ ವಧೂವರರು ಸಹಿ ಹಾಕಬೇಕೆಂಬ ಕಾನೂನು ಜಾರಿಗೆ ಬಂತು. ಸಹಿ ಬಾರದವರು ಗುರುತಿನ ಗೆರೆ ಎಳೆಯುತ್ತಿದ್ದರು. ಇತಿಹಾಸಕಾರರು ಈ ಪುಸ್ತಕಗಳನ್ನು ಎಣಿಸಿ ಆ ದೇಶದ ಸಾಕ್ಷರತೆಯನ್ನು ಲೆಕ್ಕಹಾಕಿದ್ದಾರೆ. ಆದರೆ ಅಲ್ಲಿನ ಶಾಲೆಗಳಲ್ಲಿ ಮೊದಲು ಓದು, ಬಹಳ ದಿನಗಳ ಮೇಲೆ ಬರಹ ಕಲಿಸುವ ಪದ್ಧತಿ ಇತ್ತು. ಹೆಣ್ಣುಮಕ್ಕಳು ಓದು ಕಲಿತು, ಬರಹದ ಹಂತಕ್ಕೆ ಬರುವ ಮೊದಲೇ ಶಾಲೆ ಬಿಡುತ್ತಿದ್ದರು. ಬೈಬಲ್ ಓದಬಲ್ಲ ಹೆಂಗಸು ಸಹಿಯ ಲೆಕ್ಕದಲ್ಲಿ ನಿರಕ್ಷರಿಯಾದಳು.

ಸ್ವೀಡನ್ನಿನಲ್ಲಿ ಇದಕ್ಕೆ ವಿರುದ್ಧ. 1686ರ ಚರ್ಚಿನ ಕಾನೂನಿನ ಬೆನ್ನಲ್ಲಿ ಪಾದ್ರಿಗಳು ಮನೆಮನೆಗೂ ಹೋಗಿ ಪ್ರತಿಯೊಬ್ಬರ ಓದನ್ನು ಪರೀಕ್ಷಿಸಿ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಬರಹವನ್ನು ಯಾರೂ ಕೇಳುತ್ತಿರಲಿಲ್ಲ. ಆ ಲೆಕ್ಕದಲ್ಲಿ ಬಹುತೇಕ ಎಲ್ಲರೂ ಸಾಕ್ಷರರು. ಎರಡು ದೇಶ, ಎರಡು ಕೋಲು, ಎರಡು ಬಗೆಯ ಉತ್ತರ.

ಭಾರತದಲ್ಲಿ ಈ ಕೆಲಸ ಖಾನೇಷುಮಾರಿಯ, ಅಂದರೆ ಜನಗಣತಿಯ ಪಾಲಿಗೆ ಬಂತು. 1872ರ ಮೊದಲ ಪ್ರಯತ್ನದ ನಂತರ, 1881ರಲ್ಲಿ ದೇಶದಾದ್ಯಂತ ಏಕಕಾಲಕ್ಕೆ ಗಣತಿ ನಡೆಯಿತು. ಅದರಲ್ಲಿ ಜನರನ್ನು ಕಲಿಯುತ್ತಿರುವವರು, ಓದುಬರಹ ಬಲ್ಲವರು, ಬಾರದವರು ಎಂದು ಮೂರು ವರ್ಗ ಮಾಡಲಾಯಿತು. ಕಲಿಯುವವನು ಎಂದರೆ ಯಾರು, ಯಾವ ಹಂತದಲ್ಲಿ ಅವನು ‘ಬಲ್ಲವ’ನಾಗುತ್ತಾನೆ ಎಂಬ ಗೊಂದಲ ತೀರಲಿಲ್ಲ. 1901ರಲ್ಲಿ ಮೂರನ್ನು ಎರಡಕ್ಕೆ ಇಳಿಸಿದರು: ಬಲ್ಲವರು, ಬಾರದವರು. ಆ ಸಲ ದೇಶದ ಸಾಕ್ಷರತೆ ಶೇಕಡ 5.35 ಎಂದು ಲೆಕ್ಕ ಬಂತು. ಗಂಡಸರಲ್ಲಿ ಶೇಕಡ 9.83, ಹೆಂಗಸರಲ್ಲಿ ನೂರಕ್ಕೆ ಒಬ್ಬರೂ ಇಲ್ಲ, ಕೇವಲ 0.60.

‘ಬಲ್ಲವ’ ಎಂದರೆ ಎಷ್ಟು ಬಲ್ಲವ ಎಂಬುದಕ್ಕೆ 1911ರ ಗಣತಿ ಒಂದು ಸ್ಪಷ್ಟ ಉತ್ತರ ಕೊಟ್ಟಿತು. ಗೆಳೆಯನಿಗೆ ಕಾಗದ ಬರೆದು, ಅವನಿಂದ ಬಂದ ಉತ್ತರವನ್ನು ಓದಬಲ್ಲವನು ಸಾಕ್ಷರ. ಸರಳವೂ ಅರ್ಥಪೂರ್ಣವೂ ಆದ ಅಳತೆ ಇದು. ಸಹಿಯಂತೆ ಬರಿಯ ಗೆರೆಯಲ್ಲ, ಮುಲ್ಕಿಯಂತೆ ಕಚೇರಿಯ ಅಗತ್ಯವೂ ಅಲ್ಲ, ಬದುಕಿನಲ್ಲಿ ನಿಜವಾಗಿ ಒದಗುವ ಒಂದು ಕೆಲಸ. ಕಾಗದ ಯಾವ ಭಾಷೆಯಲ್ಲಿದ್ದರೂ ಆದೀತು. ಇಂಗ್ಲಿಷ್ ಬಲ್ಲವರನ್ನು ಬೇರೆಯಾಗಿ ಎಣಿಸುತ್ತಿದ್ದರೇ ಹೊರತು, ಇಂಗ್ಲಿಷ್ ಬಾರದವನನ್ನು ನಿರಕ್ಷರಿ ಎನ್ನುತ್ತಿರಲಿಲ್ಲ. ಸ್ವಾತಂತ್ರ್ಯಾನಂತರದ ಗಣತಿಗಳೂ ಈ ತತ್ವವನ್ನು ಉಳಿಸಿಕೊಂಡವು. ಯಾವುದೇ ಒಂದು ಭಾಷೆಯಲ್ಲಿ ಅರ್ಥಮಾಡಿಕೊಂಡು ಓದಲು, ಬರೆಯಲು ಬರುವವರು ಸಾಕ್ಷರರು. 1991ರಿಂದ ಏಳು ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಾಗುತ್ತಿದೆ. 2011ರ ಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ಶೇಕಡ 75.36. ಬೆಳಗಾವಿ ಜಿಲ್ಲೆಯದು ಸುಮಾರು 73. ಜಿಲ್ಲೆಯ ಗಂಡಸರಲ್ಲಿ ಇದು ಸುಮಾರು 82 ಇದ್ದರೆ ಹೆಂಗಸರಲ್ಲಿ 64ರ ಆಸುಪಾಸು.

ಗಣತಿಯ ಕೋಲಿನಲ್ಲಿ ಒಂದು ಬಿರುಕು ಮಾತ್ರ ಉಳಿದೇ ಇತ್ತು. ಗಣತಿದಾರ ಯಾರ ಕೈಗೂ ಕಾಗದ ಕೊಟ್ಟು ಓದಿಸುತ್ತಿರಲಿಲ್ಲ. ಮನೆಯ ಯಜಮಾನನನ್ನು ಕೇಳುತ್ತಿದ್ದ, ಅವನು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದ. ಒಳಮನೆಯಲ್ಲಿರುವ ಹೆಂಗಸಿಗೆ ಓದು ಬರುತ್ತದೆಯೇ ಎಂಬುದಕ್ಕೆ ಪಡಸಾಲೆಯಲ್ಲಿ ಕುಳಿತ ಗಂಡಸಿನ ಮಾತೇ ಪ್ರಮಾಣವಾಗಿತ್ತು.

ಮಾಡಿ ತೋರಿಸುವ ಪರೀಕ್ಷೆ

ಈ ಬಿರುಕನ್ನು ತಕ್ಕಮಟ್ಟಿಗೆ ಮುಚ್ಚಿದ್ದು 1988ರಲ್ಲಿ ಆರಂಭವಾದ ರಾಷ್ಟ್ರೀಯ ಸಾಕ್ಷರತಾ ಮಿಷನ್. ವಯಸ್ಕರ ಕಲಿಕೆಗೆ ಅದು ಗೊತ್ತುಮಾಡಿದ ಮಟ್ಟ ಬಹಳ ಖಚಿತವಾಗಿತ್ತು. ಸರಳ ಪಾಠವನ್ನು ನಿಮಿಷಕ್ಕೆ 30 ಪದಗಳಂತೆ ಗಟ್ಟಿಯಾಗಿ ಓದಬೇಕು, ನಿಮಿಷಕ್ಕೆ 7 ಪದಗಳಂತೆ ನೋಡಿ ಬರೆಯಬೇಕು, 5 ಪದಗಳಂತೆ ಹೇಳಿದ್ದನ್ನು ಕೇಳಿ ಬರೆಯಬೇಕು, ಒಂದರಿಂದ ನೂರರವರೆಗೆ ಅಂಕಿಗಳನ್ನು ಬಲ್ಲವರಾಗಿರಬೇಕು. ‘ನಿಮಗೆ ಓದು ಬರುತ್ತದೆಯೇ’ ಎಂದು ಕೇಳುವುದನ್ನು ಬಿಟ್ಟು ‘ಇದನ್ನು ಓದಿ’ ಎಂದು ಪುಸ್ತಕ ಮುಂದಿಡುವ ಪದ್ಧತಿ ಇದು. ಅದೂ ಕಲಿಯುವವರ ಸ್ವಂತ ಭಾಷೆಯಲ್ಲಿ. 1990ರಲ್ಲಿ ಕೇರಳದ ಎರ್ನಾಕುಲಂ ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆ ಎಂದು ಘೋಷಿತವಾಯಿತು. ಕರ್ನಾಟಕದ ಜಿಲ್ಲೆಗಳಲ್ಲೂ ಸಾಕ್ಷರತಾ ಆಂದೋಲನಗಳು ನಡೆದವು. ಹಗಲು ಹೊಲದಲ್ಲಿ ದುಡಿದು ರಾತ್ರಿ ಪಾಟಿ ಹಿಡಿದವರ ಮಕ್ಕಳು, ಮೊಮ್ಮಕ್ಕಳು ಇಂದು ಕಾಲೇಜಿನಲ್ಲಿದ್ದಾರೆ.

ಹೊಸ ಅಕ್ಷರ, ಹಳೆಯ ಬಿರುಕು

‘ಡಿಜಿಟಲ್ ಸಾಕ್ಷರತೆ’ ಎಂಬ ಮಾತನ್ನು ಬಳಕೆಗೆ ತಂದವರಲ್ಲಿ ಮುಖ್ಯನಾದವನು ಅಮೆರಿಕದ ಲೇಖಕ ಪಾಲ್ ಗಿಲ್‌ಸ್ಟರ್. ಅದೇ ಹೆಸರಿನ ಅವನ ಪುಸ್ತಕ ಬಂದದ್ದು 1997ರಲ್ಲಿ. ಗುಂಡಿ ಒತ್ತುವ ಕೈಚಳಕವನ್ನು ಅವನು ಅಷ್ಟಾಗಿ ಲೆಕ್ಕಿಸಲಿಲ್ಲ. ಪರದೆಯ ಮೇಲೆ ಬಂದದ್ದನ್ನು ಅರ್ಥಮಾಡಿಕೊಂಡು, ನಂಬಬಹುದೇ ಬೇಡವೇ ಎಂದು ತೂಗಿ ನೋಡುವ ಶಕ್ತಿಯನ್ನೇ ಅವನು ಸಾಕ್ಷರತೆ ಎಂದು ಕರೆದ. ಆದರೆ ಶಕ್ತಿಯನ್ನು ಅಳೆಯುವುದು ಕಷ್ಟ, ಗುಂಡಿಗಳನ್ನು ಎಣಿಸುವುದು ಸುಲಭ. ಅಳತೆಗಳು ಬಹುಬೇಗ ಸುಲಭದ ಕಡೆಗೆ ವಾಲಿದವು.

2017-18ರಲ್ಲಿ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೆಯ ಸುತ್ತು ಐದು ವರ್ಷ ಮೇಲ್ಪಟ್ಟವರಲ್ಲಿ ಎಷ್ಟು ಮಂದಿ ಕಂಪ್ಯೂಟರ್ ನಡೆಸಬಲ್ಲರು ಎಂದು ಕೇಳಿತು. ದೇಶದ ಹಳ್ಳಿಗಳಲ್ಲಿ ಶೇಕಡ 9.9, ನಗರಗಳಲ್ಲಿ 32.4 ಎಂದು ಉತ್ತರ ಬಂತು. ಇಂಟರ್‌ನೆಟ್ ಬಳಸಬಲ್ಲವರು ಹಳ್ಳಿಗಳಲ್ಲಿ ಶೇಕಡ 13, ನಗರಗಳಲ್ಲಿ 37.1. ಅನಂತರದ ಸುತ್ತುಗಳಲ್ಲಿ ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಿಗೆ ಹೊಂದುವಂತೆ ಒಂಬತ್ತು ಕೌಶಲಗಳ ಪಟ್ಟಿ ಬಂತು. ಕಡತವನ್ನು ನಕಲು ಮಾಡುವುದು ಅಥವಾ ಸ್ಥಳಾಂತರಿಸುವುದು, ಕಡತ ಲಗತ್ತಿಸಿ ಇ-ಮೇಲ್ ಕಳಿಸುವುದು, ಲೆಕ್ಕದ ಹಾಳೆಯಲ್ಲಿ ಸೂತ್ರ ಬಳಸುವುದು, ಹೊಸ ಉಪಕರಣ ಜೋಡಿಸುವುದು, ತಂತ್ರಾಂಶ ಹುಡುಕಿ ಅಳವಡಿಸುವುದು, ಕೊನೆಗೆ ಕಂಪ್ಯೂಟರ್ ಪ್ರೋಗ್ರಾಮ್ ಬರೆಯುವುದು ಮುಂತಾಗಿ ಅದು ಸಾಗುತ್ತದೆ.

ಈ ಸಮೀಕ್ಷೆಗಳಿಂದ ದೊಡ್ಡ ಪ್ರಯೋಜನವಿದೆ; ಹಳ್ಳಿ-ಪಟ್ಟಣಗಳ ಅಂತರವನ್ನು ಅವು ಅಂಕಿಗಳಲ್ಲಿ ತೋರಿಸಿಕೊಟ್ಟಿವೆ. ಆದರೂ ಹಳೆಯ ಬಿರುಕು ಇಲ್ಲಿ ಮರಳಿ ಬಂದಿದೆ. ಮನೆಯ ಒಬ್ಬ ಸದಸ್ಯ ಉಳಿದವರ ಪರವಾಗಿಯೂ ಉತ್ತರ ಕೊಡುವುದು ಸಾಮಾನ್ಯ. ಮಗಳಿಗೆ ಏನು ಬರುತ್ತದೆ ಎಂಬುದಕ್ಕೆ ತಂದೆಯ ಅಂದಾಜೇ ಆಧಾರವಾಗುತ್ತದೆ. ಖಾನೇಷುಮಾರಿಯ ಪಡಸಾಲೆ ಇಲ್ಲಿ ನೆನಪಾಗದೆ ಇರದು.

ಕಾಲೇಜಿನ ಪ್ರಶ್ನಾವಳಿಯಲ್ಲಿ ವಿದ್ಯಾರ್ಥಿಯೇ ಉತ್ತರಿಸುತ್ತಾನೆ, ಅಷ್ಟರಮಟ್ಟಿಗೆ ಅದು ಮೇಲು. ಅಲ್ಲಿ ಸಾಮಾನ್ಯವಾಗಿ ಬಳಸುವುದು 1932ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರೆನ್ಸಿಸ್ ಲಿಕರ್ಟ್ ರೂಪಿಸಿದ ಮಾದರಿಯ ಮಾಪಕ. ‘ಪೂರ್ಣವಾಗಿ ಒಪ್ಪುತ್ತೇನೆ’ಯಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ದವರೆಗೆ ಐದು ಮೆಟ್ಟಿಲುಗಳು. ಲಿಕರ್ಟ್ ಇದನ್ನು ರೂಪಿಸಿದ್ದು ಜನರ ಮನೋಭಾವ ತಿಳಿಯಲು. ಕೌಶಲವನ್ನು ಅಳೆಯುವುದು ಅವನ ಉದ್ದೇಶವಾಗಿರಲಿಲ್ಲ. ‘ಇಂಟರ್‌ನೆಟ್‌ನಲ್ಲಿ ಮಾಹಿತಿ ಹುಡುಕಲು ನನಗೆ ಬರುತ್ತದೆ’ ಎಂಬ ವಾಕ್ಯಕ್ಕೆ ‘ಪೂರ್ಣವಾಗಿ ಒಪ್ಪುತ್ತೇನೆ’ ಎಂದು ಗುರುತು ಹಾಕಿದವನ ಆತ್ಮವಿಶ್ವಾಸ ಅಲ್ಲಿ ದಾಖಲಾಗುತ್ತದೆ. ಅವನ ಕೌಶಲ ದಾಖಲಾಗಿದೆಯೇ ಎಂಬುದು ಬೇರೆ ಮಾತು. ತಾನು ಬಲ್ಲೆನೆಂದು ಹೇಳಿಕೊಳ್ಳುವುದಕ್ಕೂ ಮಾಡಿ ತೋರಿಸುವುದಕ್ಕೂ ಬಹಳ ಅಂತರವಿದೆ ಎಂಬುದು ಬೇರೆ ಬೇರೆ ದೇಶಗಳ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಸಂಕೋಚದ ಸ್ವಭಾವದ ಹಳ್ಳಿಯ ಹುಡುಗಿ ತನಗೆ ಬರುವುದನ್ನೂ ಬಾರದೆಂದು ಗುರುತಿಸುವ ಸಾಧ್ಯತೆಯೂ ಇಲ್ಲದಿಲ್ಲ.

ಯಾರ ಕೈಯಲ್ಲಿ ಫೋನು?

ಮಾಡಿ ತೋರಿಸುವ ಪರೀಕ್ಷೆಯನ್ನು ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಿದ್ದು ‘ಪ್ರಥಮ್’ ಸಂಸ್ಥೆಯ 2023ರ ‘ಅಸರ್’ ಸಮೀಕ್ಷೆ. 26 ರಾಜ್ಯಗಳ 28 ಗ್ರಾಮೀಣ ಜಿಲ್ಲೆಗಳಲ್ಲಿ, 14ರಿಂದ 18 ವರ್ಷದ ಮಕ್ಕಳ ನಡುವೆ ಅದು ನಡೆಯಿತು. ಕರ್ನಾಟಕದಿಂದ ಮೈಸೂರು ಜಿಲ್ಲೆ ಅದರಲ್ಲಿತ್ತು. ಸ್ಮಾರ್ಟ್‌ಫೋನ್ ತಂದು ಕೊಟ್ಟವರಿಗೆ ನೇರವಾಗಿ ಕೆಲಸ ಹೇಳಲಾಯಿತು: ಅಲಾರಂ ಇಡು, ಒಂದು ಮಾಹಿತಿ ಹುಡುಕು, ನಕ್ಷೆ ನೋಡಿ ಒಂದು ಸ್ಥಳ ತಲುಪಲು ಎಷ್ಟು ಹೊತ್ತು ಬೇಕೆಂದು ಹೇಳು, ಯೂಟ್ಯೂಬಿನಲ್ಲಿ ಒಂದು ವಿಡಿಯೊ ಹುಡುಕಿ ಹಂಚು.

ಈ ಸಮೀಕ್ಷೆ ಹೊರಗೆಡಹಿದ ಅತ್ಯಂತ ಮುಖ್ಯ ಸಂಗತಿ ಕೌಶಲಕ್ಕೆ ಸಂಬಂಧಿಸಿದ್ದಲ್ಲ. ಸ್ಮಾರ್ಟ್‌ಫೋನ್ ಬಳಸಲು ಬಲ್ಲ ಹುಡುಗರಲ್ಲಿ ಶೇಕಡ 43.7ರಷ್ಟು ಮಂದಿಗೆ ಸ್ವಂತ ಫೋನ್ ಇತ್ತು. ಹುಡುಗಿಯರಲ್ಲಿ ಸ್ವಂತ ಫೋನ್ ಇದ್ದವರು ಶೇಕಡ 19.8 ಮಾತ್ರ. ಉಳಿದ ಹುಡುಗಿಯರು ಅಪ್ಪನ ಅಥವಾ ಅಣ್ಣನ ಫೋನನ್ನು ಕೇಳಿ ಪಡೆಯಬೇಕು. ಕೆಲಸಗಳನ್ನು ಮಾಡಿ ತೋರಿಸುವುದರಲ್ಲೂ ಹುಡುಗರು ಮುಂದಿದ್ದರು.

ಇದರ ಪಕ್ಕದಲ್ಲಿ ಇನ್ನೊಂದು ಫಲಿತಾಂಶವನ್ನು ಇಟ್ಟು ನೋಡಬೇಕು. 2013 ಮತ್ತು 2018ರಲ್ಲಿ ಹಲವು ದೇಶಗಳ ಎಂಟನೆಯ ತರಗತಿಯ ಮಕ್ಕಳಿಗೆ ಕಂಪ್ಯೂಟರಿನ ಮುಂದೆ ಕೂರಿಸಿ ಅಂತರರಾಷ್ಟ್ರೀಯ ಪರೀಕ್ಷೆ ನಡೆಸಲಾಯಿತು. ಭಾರತ ಅದರಲ್ಲಿ ಭಾಗವಹಿಸಿರಲಿಲ್ಲ. ಅಲ್ಲಿ ಬಹುತೇಕ ದೇಶಗಳಲ್ಲಿ ಹುಡುಗಿಯರೇ ಹುಡುಗರಿಗಿಂತ ಹೆಚ್ಚು ಅಂಕ ಪಡೆದರು. ಎಲ್ಲರ ಮುಂದೆಯೂ ಒಂದೊಂದು ಯಂತ್ರವನ್ನು ಇಟ್ಟಾಗ ಹುಡುಗಿಯರು ಮುಂದೆ, ಮನೆಯ ಫೋನು ಯಾರದೆಂಬ ಪ್ರಶ್ನೆ ಬಂದಾಗ ಹುಡುಗಿಯರು ಹಿಂದೆ. ಪರೀಕ್ಷೆಗಳೂ ದೇಶಗಳೂ ಬೇರೆ ಬೇರೆಯಾದ್ದರಿಂದ ಇವನ್ನು ನೇರವಾಗಿ ಹೋಲಿಸಲಾಗದು. ಆದರೆ ಹುಡುಗಿಯರಿಗೆ ಈ ವಿದ್ಯೆ ಒಗ್ಗುವುದಿಲ್ಲ ಎಂಬ ಮಾತಿಗೆ ಆಧಾರವಿಲ್ಲವೆಂದು ತಿಳಿಯಲು ಇಷ್ಟು ಸಾಕು. ಇಂಗ್ಲೆಂಡಿನ ಮದುವೆ ಪುಸ್ತಕದಲ್ಲಿ ಗೆರೆ ಎಳೆದ ಹೆಂಗಸಿನಂತೆ, ಇಲ್ಲೂ ಕೊರತೆ ಇರುವುದು ಬುದ್ಧಿಯಲ್ಲಲ್ಲ, ಅವಕಾಶದಲ್ಲಿ.

ಕನ್ನಡ ಎಲ್ಲಿ ಹೋಯಿತು?

ಇನ್ನು ಭಾಷೆಯ ಪ್ರಶ್ನೆ. ನೂರು ವರ್ಷಗಳ ಹಿಂದಿನ ಜನಗಣತಿ ‘ಯಾವುದೇ ಭಾಷೆ’ ಎಂದು ಹೇಳಿ ಕನ್ನಡದ ಕಾಗದಕ್ಕೂ ಇಂಗ್ಲಿಷಿನ ಕಾಗದಕ್ಕೂ ಒಂದೇ ಬೆಲೆ ಕಟ್ಟಿತ್ತು. ಡಿಜಿಟಲ್ ಅಳತೆಗಳಲ್ಲಿ ಆ ಮಾತು ಸದ್ದಿಲ್ಲದೆ ಕಳೆದುಹೋಗಿದೆ. ಪ್ರಶ್ನಾವಳಿ ಇಂಗ್ಲಿಷಿನಲ್ಲಿದ್ದರೆ, ಪರದೆಯ ಆದೇಶಗಳು ಇಂಗ್ಲಿಷಿನಲ್ಲಿದ್ದರೆ, ಉತ್ತರ ತಪ್ಪಾದ ವಿದ್ಯಾರ್ಥಿಗೆ ಕಂಪ್ಯೂಟರ್ ಬಾರದೋ ಇಂಗ್ಲಿಷ್ ಬಾರದೋ ಎಂದು ತಿಳಿಯುವ ಬಗೆ ಹೇಗೆ?

ಕನ್ನಡಕ್ಕೆ ತಾಂತ್ರಿಕ ಅಡ್ಡಿ ಈಗ ಉಳಿದಿಲ್ಲ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತಪದ್ಧತಿಯಾದ ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡ ಇದೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ, ಕನ್ನಡ ಗಣಕ ಪರಿಷತ್ತಿನ ‘ನುಡಿ’, ಶೇಷಾದ್ರಿವಾಸು ಅವರ ‘ಬರಹ’ ಇವುಗಳಿಂದ ಕನ್ನಡ ಬೆರಳಚ್ಚು ಮನೆಮಾತಾಯಿತು. ಆದರೆ ಬಹಳ ಕಾಲ ಕನ್ನಡದ ಬರಹ ಆಯಾ ತಂತ್ರಾಂಶದ ಅಕ್ಷರವಿನ್ಯಾಸಕ್ಕೆ ಕಟ್ಟುಬಿದ್ದಿತ್ತು. ಒಂದು ಕಂಪ್ಯೂಟರಿನ ಕನ್ನಡ ಇನ್ನೊಂದರಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತಿತ್ತು. ಹಳೆಯ ವಿನ್ಯಾಸದ ಕಡತವನ್ನು ಯೂನಿಕೋಡಿಗೆ ತರುವುದು ಕನ್ನಡದ ವಿದ್ಯಾರ್ಥಿಗೆ ನಿಜವಾಗಿ ಬೇಕಾದ ಕೌಶಲ. ಒಂಬತ್ತು ಕೌಶಲಗಳ ಜಾಗತಿಕ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ, ಏಕೆಂದರೆ ಪಟ್ಟಿ ಮಾಡಿದವರಿಗೆ ಆ ತೊಂದರೆಯೇ ಇರಲಿಲ್ಲ.

ಆ ಪಟ್ಟಿ ಬೆಳೆದದ್ದು ಕಚೇರಿಯ ಮೇಜಿನ ಮೇಲೆ. ಬೈಲಹೊಂಗಲ, ರಾಮದುರ್ಗಗಳ ವಿದ್ಯಾರ್ಥಿಯ ದಿನಚರಿ ಬೇರೆ. ರಾಜ್ಯದ ‘ಭೂಮಿ’ ಯೋಜನೆ ಸುಮಾರು ಎರಡು ಕೋಟಿ ಪಹಣಿಗಳನ್ನು 2000ದ ಆಸುಪಾಸಿನಲ್ಲಿ ಗಣಕಕ್ಕೆ ಏರಿಸಿತು. ಈಗ ಮನೆಯವರಿಗೆ ಪಹಣಿ ತೆಗೆದುಕೊಡುವವನು, ಬೆಳೆವಿಮೆಯ ಅರ್ಜಿ ತುಂಬುವವನು, ಮಾರುಕಟ್ಟೆಯ ಹತ್ತಿ ದರ ನೋಡಿ ಹೇಳುವವನು ಕಾಲೇಜಿಗೆ ಹೋಗುವ ಮಗ ಅಥವಾ ಮಗಳು. ಹಿಂದೆ ಕುಲಕರ್ಣಿಯ ಮೋಡಿ ಕಾಗದವನ್ನು ಓದಿಸಿಕೊಳ್ಳಲು ರೈತ ಇನ್ನೊಬ್ಬರ ಬಳಿ ಹೋಗುತ್ತಿದ್ದ. ಇಂದು ಆ ಕಾಗದ ಪರದೆಗೆ ಬಂದಿದೆ, ಓದಿ ಹೇಳುವ ಹೊಣೆ ಮಕ್ಕಳ ಮೇಲೆ ಬಿದ್ದಿದೆ. ಬ್ಯಾಂಕಿನ ಹೆಸರಿನಲ್ಲಿ ಬಂದ ಸುಳ್ಳು ಕರೆಯನ್ನು ಗುರುತಿಸಿ, ಒಟಿಪಿ ಕೊಡಬೇಡಿ ಎಂದು ಅಪ್ಪನನ್ನು ತಡೆಯುವ ಹುಡುಗಿ ಲೆಕ್ಕದ ಹಾಳೆಯ ಸೂತ್ರ ಅರಿಯದಿರಬಹುದು. ಗಿಲ್‌ಸ್ಟರ್ ಹೇಳಿದ ತೂಗಿ ನೋಡುವ ಶಕ್ತಿ ಮಾತ್ರ ಅವಳಲ್ಲಿದೆ.

ಹಾಗೆಂದು ಲೆಕ್ಕದ ಹಾಳೆ ಬೇಡವೆಂದಲ್ಲ. ಪದವಿ ಮುಗಿಸಿ ಕೆಲಸ ಹುಡುಕುವಾಗ ಅದೇ ಬೇಕಾಗುತ್ತದೆ. ಫೋನಿನಲ್ಲಿ ಪಳಗಿದ ಬೆರಳು ಕಚೇರಿಯ ಕಂಪ್ಯೂಟರಿನ ಮುಂದೆ ತಡವರಿಸುವುದೂ ಸುಳ್ಳಲ್ಲ. ಇದನ್ನು ಮನಗಂಡೇ ರಾಜ್ಯದ ಪದವಿ ತರಗತಿಗಳಲ್ಲಿ 2021-22ರಿಂದ ‘ಡಿಜಿಟಲ್ ಫ್ಲೂಯೆನ್ಸಿ’ ಎಂಬ ವಿಷಯ ಸೇರಿತ್ತು. ಆ ಪಠ್ಯಕ್ರಮದ ಚೌಕಟ್ಟನ್ನು 2024ರಲ್ಲಿ ಸರ್ಕಾರ ಬದಲಿಸಿತು. ಕೇಂದ್ರದ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ 2017ರಿಂದ 2024ರ ಮಾರ್ಚ್‌ವರೆಗೆ ನಡೆದು, 20 ಗಂಟೆಗಳ ತರಬೇತಿಯನ್ನು 6.39 ಕೋಟಿ ಜನರಿಗೆ ಕೊಟ್ಟಿತೆಂದು ಸರ್ಕಾರದ ಲೆಕ್ಕ ಹೇಳುತ್ತದೆ. ತರಬೇತಿ ಪಡೆದವರ ಸಂಖ್ಯೆ ಗೊತ್ತಾಯಿತು. ಅವರು ಆಮೇಲೆ ಏನನ್ನು ಮಾಡಬಲ್ಲವರಾದರು ಎಂಬುದು ಅಂಥ ಲೆಕ್ಕದಿಂದ ತಿಳಿಯುವುದಿಲ್ಲ.

ಅಂಕಿಗಳ ಹಿಂದೆ ಹಣವೂ ಹಣೆಬರಹವೂ ಇರುತ್ತವೆ ಎಂಬುದನ್ನು ಮರೆಯಬಾರದು. ಯಾವ ತಾಲ್ಲೂಕಿಗೆ ಪ್ರಯೋಗಾಲಯ, ಯಾವ ಕಾಲೇಜಿಗೆ ಕಂಪ್ಯೂಟರು, ಯಾವ ವಿದ್ಯಾರ್ಥಿ ಉದ್ಯೋಗಕ್ಕೆ ಅರ್ಹ ಎಂಬ ತೀರ್ಮಾನಗಳು ಅಳತೆಯ ಬೆನ್ನಿಗೇ ಬರುತ್ತವೆ. ಈ ಮಕ್ಕಳು ಹಿಂದುಳಿದವರು ಎಂದು ಒಂದು ಕೋಲು ಹೇಳಿಬಿಟ್ಟರೆ, ಆ ಮಾತನ್ನು ಮೊದಲು ನಂಬುವವರು ಆ ಮಕ್ಕಳೇ. ‘ಎಲ್ಲರೂ ಬಲ್ಲರು’ ಎಂದು ಇನ್ನೊಂದು ಕೋಲು ಹೇಳಿದರೆ, ಕೊಡಬೇಕಾದ ಕಂಪ್ಯೂಟರನ್ನು ಕೊಡದೆ ಇರಲು ಅದೇ ನೆಪವಾಗುತ್ತದೆ.

ಒಳ್ಳೆಯ ಅಳತೆಗೋಲು ಹೇಗಿರಬೇಕೆಂಬುದನ್ನು ಹೊರಗಿನಿಂದ ಕಲಿಯಬೇಕಾಗಿಲ್ಲ, ಇಲ್ಲಿನ ಇತಿಹಾಸವೇ ಅದನ್ನು ಹೇಳಿಕೊಟ್ಟಿದೆ. 1911ರ ಗಣತಿಯಂತೆ ಬದುಕಿನಲ್ಲಿ ನಿಜವಾಗಿ ಒದಗುವ ಕೆಲಸವನ್ನೇ ಅದು ಕೇಳಬೇಕು. 1988ರ ಮಿಷನ್ನಿನಂತೆ ಹೇಳಿಸದೆ ಮಾಡಿಸಿ ನೋಡಬೇಕು. ಡೆಪ್ಯುಟಿ ಚನ್ನಬಸಪ್ಪನವರ ಪರಂಪರೆಗೆ ತಕ್ಕಂತೆ ಕನ್ನಡದಲ್ಲಿ ಕೇಳಬೇಕು, ಇಂಗ್ಲಿಷನ್ನು ಬೇರೆಯಾಗಿ ಅಳೆಯಬೇಕು. ಉತ್ತರ ಕೊಡುವವಳ ಕೈಯಲ್ಲಿ ಅವಳದೇ ಯಂತ್ರವಿದೆಯೇ ಎಂಬುದನ್ನು ಅಂಕದ ಪಕ್ಕದಲ್ಲೇ ಬರೆದಿಡಬೇಕು. ಇಂಥ ಪರೀಕ್ಷೆಗೆ ದೊಡ್ಡ ಖರ್ಚೇನೂ ತಗಲದು. ಕಾಲೇಜಿನ ಗ್ರಂಥಾಲಯದಲ್ಲಿ ಹತ್ತು ಕಂಪ್ಯೂಟರು, ಹತ್ತು ಕೆಲಸಗಳ ಒಂದು ಕನ್ನಡ ಪಟ್ಟಿ, ಒಂದು ಗಂಟೆಯ ವೇಳೆ ಇದ್ದರೆ ಸಾಕು. ಒಕ್ಕುಂದದ ಸೀಮೆಯ ಮಕ್ಕಳು ಏನನ್ನು ಬಲ್ಲರು, ಏನನ್ನು ಇನ್ನೂ ಕಲಿಸಬೇಕಾಗಿದೆ ಎಂಬುದು ಆಗ ತಿಳಿದೀತು.